ತಿರುವಿನಲ್ಲಿ ಕಿರುಚಿದ ಟೈರು

ನಾಲ್ಕು ಗಂಟೆ ಹತ್ತು ನಿಮಿಷ. ನಾಲ್ಕೂವರೆಗೆ ರಾಹುಕಾಲ ಶುರುವಾಗುತ್ತದೆ ಎಂದು ಅವ್ವ ಮತ್ತೆ ಮತ್ತೆ ಹೇಳುತ್ತಿದ್ದಳು. ಅವಳ ಸಮಾಧಾನಕ್ಕೆ ನಾನು ಆಗತಾನೇ ಮೊಬೈಲು ನೋಡಿ ಗಂಟೆ ಹೇಳಿದ್ದೆ. ಅದಕ್ಕೇ ಅಷ್ಟು ಸ್ಪಷ್ಟವಾಗಿ ನೆನಪಿದೆ. ಮೊಬೈಲನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಕಾರು ಸೂಳೆಕೆರೆ ಪಕ್ಕದ ತಿರುವಿಗೆ ಬಂತು, ಟೈರುಗಳು ಕಿರುಚಿದವು.

ಕಾರಿನಲ್ಲಿದ್ದವರು ನಾವು ನಾಲ್ವರು. ಓಡಿಸುತ್ತಿದ್ದವನು ನನ್ನ ತಂಗಿಯನ್ನು ಮದುವೆಯಾಗಬೇಕಿದ್ದ ಹುಡುಗ. ನ್ಯಾಮತಿಯವನು, ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟವನು. ಅವನ ಪಕ್ಕ ತಂಗಿ. ಹಿಂದೆ ನಾನು ಮತ್ತು ಅವ್ವ. ನಿಶ್ಚಿತಾರ್ಥ ಮುಗಿದಿತ್ತು, ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ನಮ್ಮಲ್ಲಿ ಮೊದಲ ಪತ್ರಿಕೆ ಸೋದರಮಾವನ ಮನೆಗೇ ಹೋಗಬೇಕು. ಮಾವ ಇರುವುದು ಜಗಳೂರಿನ ಹತ್ತಿರದ ಹಳ್ಳಿಯಲ್ಲಿ. ಬೆಳಿಗ್ಗೆ ಹೊನ್ನಾಳಿಯಿಂದ ಹೊರಟು ಅಲ್ಲಿ ಪತ್ರಿಕೆ ಕೊಟ್ಟು, ಹೋಳಿಗೆ ಊಟ ಮಾಡಿ, ಬರುವಾಗ ಕೆರೆಬಿಳಚಿಯಲ್ಲಿ ಸೋದರತ್ತೆಗೂ ಒಂದು ಕೊಟ್ಟು, ರಾಹುಕಾಲಕ್ಕೆ ಮೊದಲು ಚನ್ನಗಿರಿಯ ನೆಂಟರ ಮನೆ ಮುಟ್ಟುವ ಆತುರದಲ್ಲಿದ್ದೆವು.

ಎದುರಿಗೆ ಹುಲ್ಲು ಹೇರಿಕೊಂಡ ಒಂದು ಬೈಕು ಬಂತು. ಹುಡುಗ ಸ್ಟೇರಿಂಗ್ ತಿರುಗಿಸಿದ. ಆ ಶಬ್ದ ಎಲ್ಲಿಂದ ಬಂತೆಂದು ಮೊದಲು ತಿಳಿಯಲೇ ಇಲ್ಲ. ತಂಗಿ ಚೀರಿದಳು ಅಂದುಕೊಂಡೆ. ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು, ಕಿಟಕಿಯ ತುಂಬ ಕೆರೆಯ ನೀರು ಕಾಣಿಸಿತು, ಆಮೇಲೆ ಶಬ್ದವೇ ನಿಂತುಹೋಯಿತು. ಮಣ್ಣಿನ ಅಂಚಿಗೆ ಬಂದ ಮೇಲೆ ಟೈರು ಕಿರುಚುವುದಿಲ್ಲ. ಆ ಮೌನವೇ ಹೆಚ್ಚು ಭಯ ಹುಟ್ಟಿಸಿತು. ರಸ್ತೆ ಬದಿಯ ಕಲ್ಲಿಗೆ ಚಕ್ರ ತಾಗಿ ನಿಂತೆವು. ಪಕ್ಕಕ್ಕೆ ನೋಡಿದರೆ ಅವ್ವನ ಎದೆ, ತೊಡೆ, ಕೈ ಎಲ್ಲ ಕೆಂಪು.

"ಅವ್ವಾ!" ಅಂದೆ. ಅವ್ವ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಕುಂಕುಮ ಕಣೇ," ಅಂದಳು. ಮಡಿಲಲ್ಲಿದ್ದ ಭರಣಿಯ ಮುಚ್ಚಳ ಹಾರಿ ಹೋಗಿತ್ತು.

ಬೈಕಿನವನು ಆಗಲೇ ಮರೆಯಾಗಿದ್ದ. ಹುಡುಗ ಇಳಿದು ಹೋಗಿ ಚಕ್ರದ ಬಳಿ ಕೂತ. ಸಂದಿಗೆ ಕೈಹಾಕಿ ಏನನ್ನೋ ಕಿತ್ತು, ಅಂಗೈಯಲ್ಲಿ ತಿಕ್ಕಿ ನೋಡಿ, ನಾನು ಇಳಿಯುವುದು ಕಂಡ ಕೂಡಲೇ ಕೆರೆಯ ಕಡೆಗೆ ಎಸೆದ. ಅದನ್ನು ನಾನು ನೋಡಿದೆ.

"ಏನದು?" ಅಂತ ಕೇಳಿದೆ.

"ಏನಿಲ್ಲ ಅಕ್ಕಾರೆ, ಕಸ."

"ಯಾಕೆ ಹಿಂಗಾತು?"

"ರಸ್ತೆ ಸರಿ ಇಲ್ಲ," ಅಂದ. ರಸ್ತೆ ಸರಿಯಾಗೇ ಇತ್ತು.

ಚನ್ನಗಿರಿಯಲ್ಲಿ ಅವನು ಯಾರನ್ನೂ ಕೇಳದೆ ಕಾರನ್ನು ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯವರು ಗಾಳಿ ಅಳೆದು, "ನಾಲ್ಕೂ ಇಳಿದೈತಲ್ಲ ಸಾಹೇಬ್ರೆ. ಪಂಕ್ಚರ್ ಆದ್ರೆ ಒಂದು ಇಳೀತೈತೆ, ನಾಲ್ಕೂ ಒಂದೇ ಸಮ ಹೆಂಗೆ?" ಅಂದರು.

ಹುಡುಗ ನನ್ನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ತುಂಬ್ರಿ, ತುಂಬ್ರಿ, ಹೊತ್ತಾತು," ಅಂದ.

ಅವತ್ತಿನಿಂದ ನನ್ನ ನಿದ್ದೆ ಕೆಟ್ಟಿತು. ಮಲಗಿದ ಸ್ವಲ್ಪ ಹೊತ್ತಿಗೆ ಆ ಕಿರುಚು ಬಂದು ಎಬ್ಬಿಸುತ್ತಿತ್ತು. ಎದ್ದ ಮೇಲೆ ಒಂದೊಂದನ್ನೇ ಮತ್ತೆ ಮೊದಲಿಂದ ನೋಡುತ್ತಿದ್ದೆ. ಅವನು ಕಿತ್ತೆಸೆದದ್ದು ಏನು? ಅಂಗಡಿಯವರ ಮಾತನ್ನು ಯಾಕೆ ಮುಚ್ಚಿದ? ಮಾವನ ಮನೆಯಲ್ಲಿ ಊಟವಾದ ಮೇಲೆ ಹಿತ್ತಲಿಗೆಂದು ಹೋದವನು ಬರಲು ಯಾಕೆ ಅಷ್ಟು ತಡ ಮಾಡಿದ? ಅಲ್ಲಿ ಯಾರಾದರೂ ಕುಡಿಸಿರಬಹುದೇ? ವಾಸನೆಯೇನೂ ಬಂದಿರಲಿಲ್ಲ. ಆದರೆ ಏಲಕ್ಕಿ ಜಗಿಯುತ್ತಿದ್ದ. ಹೋಳಿಗೆ ಊಟ ಮಾಡಿದವರು ಏಲಕ್ಕಿ ಜಗಿಯುವುದು ವಿಶೇಷವೇನಲ್ಲ ಎಂದು ಹಗಲಿನಲ್ಲಿ ಅನ್ನಿಸುತ್ತಿತ್ತು. ಕತ್ತಲಾದ ಮೇಲೆ ಹಾಗೆ ಅನ್ನಿಸುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಅಪ್ಪ ತೀರಿಹೋದ ಮೇಲೆ ಕೊನೆಯ ಮಾತು ನನ್ನದು. ನಾನು ಬಿ.ಎಸ್ಸಿ. ಮಾಡಿ ಹೊನ್ನಾಳಿಯಲ್ಲಿ ಮನೆಯಲ್ಲೇ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದೇನೆ, ಮದುವೆ ಬೇಡವೆಂದು ಬಿಟ್ಟಿದ್ದೇನೆ. ಉಳಿದ ಪತ್ರಿಕೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕುಡಿದು ಓಡಿಸಿದನೋ ಏನೋ, ಹುಡುಗ ಎಂಥವನೆಂದು ತಿಳಿಯುವ ತನಕ ಒಂದೂ ಹೊರಗೆ ಹೋಗುವುದಿಲ್ಲ ಅಂದೆ.

ತಂಗಿ ನಕ್ಕಳು. "ಅಕ್ಕಾ, ನೀನು ಪೊಲೀಸ್ ಡಿಪಾರ್ಟ್‌ಮೆಂಟಿಗೆ ಹೋಗಬೇಕಿತ್ತು. ಟೈರು ಕಿರುಚಿದ್ದಕ್ಕೆ ಮದುವೆ ಮುರಿದೋರು ಯಾರೂ ಇಲ್ಲ."

"ಕೆರೆಗೆ ಬಿದ್ದಿದ್ರೆ?"

"ಬೀಳ್ಲಿಲ್ಲಲ್ಲ."

"ಅಷ್ಟು ಜೋರಾಗಿ ಓಡಿಸೋನು ನಾಳೆ ನಿನ್ನ ಕೂರಿಸ್ಕೊಂಡೂ ಹಂಗೇ ಓಡಿಸ್ತಾನೆ."

"ಜೋರಾಗಿ ಓಡಿಸ್ತಿದ್ರಾ? ನೀನು ಮೀಟರ್ ನೋಡಿದ್ಯಾ?"

ನೋಡಿರಲಿಲ್ಲ. ಶಬ್ದ ಕೇಳಿದ್ದೆ, ಅಷ್ಟೆ. ಆದರೆ ಟೈರು ಕಿರುಚಿದರೆ ವೇಗ ಎನ್ನುವುದಕ್ಕೆ ಮೀಟರ್ ಬೇಕೇ? ಅವ್ವನದು ಬೇರೆಯದೇ ಚಿಂತೆ. ಕುಂಕುಮ ಚೆಲ್ಲಿದ್ದು ಶುಭವೋ ಅಶುಭವೋ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಹಾಗೆ ಕೇಳಿದ್ದರಿಂದ ಸುದ್ದಿ ಬೀದಿಗೆ ಬಿತ್ತು. ಎದುರು ಮನೆಯಾಕೆ ನೀರು ಹಿಡಿಯುವಾಗ ನನಗೆ ಕೇಳಲೆಂದೇ, "ದೊಡ್ಡೋಳಿಗೆ ಆಗದ್ದು ಚಿಕ್ಕೋಳಿಗೆ ಆಗ್ತೈತಲ್ಲ, ಸಂಕಟ ಇರ್ತೈತೆ ಬಿಡ್ರಿ," ಅಂದಳು. ನಾನು ಅವನನ್ನು ಸಂಶಯದಿಂದ ನೋಡುತ್ತಿದ್ದೆ, ಬೀದಿ ನನ್ನನ್ನು ಹಾಗೆ ನೋಡುತ್ತಿತ್ತು. ಆ ಮಾತು ತಂಗಿಯ ಕಿವಿಗೂ ಬಿದ್ದಿರಬೇಕು. ಅವಳು ನಗುವುದನ್ನು ನಿಲ್ಲಿಸಿದಳು.

ಒಂದು ಬೆಳಿಗ್ಗೆ ಮಕ್ಕಳಿಗೆ ರಜೆ ಕೊಟ್ಟು ನ್ಯಾಮತಿ ಬಸ್ಸು ಹತ್ತಿದೆ. ಹುಡುಗನ ಅಂಗಡಿಯ ಎದುರಿಗೆ ಹೆಂಗಸೊಬ್ಬಳ ಟೈಲರ್ ಅಂಗಡಿ ಇತ್ತು. ಒಂದು ರವಿಕೆ ಬಟ್ಟೆ ಕೊಟ್ಟು ಅಳತೆಗೆ ನಿಂತೆ. ಎದುರಿಗೆ ಅವನು ಬೆನ್ನು ತಿರುಗಿಸಿ ಕೂತು ಮೋಟರಿನ ತಂತಿ ಸುತ್ತುತ್ತಿದ್ದ.

"ಆ ಪಂಪ್‌ಸೆಟ್ ರಿಪೇರಿಯೋರು ಹೆಂಗೆ?" ಅಂದೆ.

ಟೈಲರಮ್ಮ ಟೇಪು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಮೋಟ್ರು ರಿಪೇರಿ ಐತೇನ್ರಿ, ಇಲ್ಲಾ ಹೆಣ್ಣು ಕೊಡಾರಾ?"

"ಸುಮ್ಮನೆ ಕೇಳಿದೆ."

"ಸುಮ್ಮನೆ ಯಾರೂ ಕೇಳಲ್ಲ ಬಿಡ್ರಿ. ಕೈ ಎತ್ತಿ. ಕುಡಿಯಾದಿಲ್ಲ, ಸೇದಾದಿಲ್ಲ, ನಾನು ದಿನಾ ನೋಡ್ತೀನಿ. ಒಂದೇ ರೋಗ, ಬಾಯಿ ಬಿಡಲ್ಲ. ಮೋಟ್ರು ಪೂರ್ತಿ ಸುಟ್ಟೋಗಿದ್ರೂ ರೈತನ ಮುಖಕ್ಕೆ ಹೇಳಾಕೆ ಅವನಿಗೆ ಮುಜುಗರ. ನೋಡಾಣ ತಡೀರಿ, ನೋಡಾಣ ತಡೀರಿ ಅಂತಾನೆ. ಆ ಪಾಪದೋರು ನಾಲ್ಕು ದಿನ ತಿರುಗ್ತಾರೆ."

ಕುಡಿಯುವುದಿಲ್ಲ ಎನ್ನುವುದು ನನಗೆ ನೆಮ್ಮದಿ ಕೊಡಬೇಕಿತ್ತು. ಕೊಡಲಿಲ್ಲ. ಬಾಯಿ ಬಿಡುವುದಿಲ್ಲ ಎನ್ನುವ ಮಾತೇ ಬಸ್ಸಿನಲ್ಲಿ ಜೊತೆಗೆ ಬಂತು.

ಹೊನ್ನಾಳಿಯಲ್ಲಿ ಇಳಿದು ಪೆಟ್ರೋಲ್ ಬಂಕಿನ ಮುಂದೆ ನಡೆದು ಬರುತ್ತಿದ್ದಾಗ ಮತ್ತೆ ಅದೇ ಶಬ್ದ. ನಾನು ಚೀಲ ಬಿಸಾಡಿ ಗೋಡೆಗೆ ಒರಗಿದೆ. ತಿರುಗಿ ನೋಡಿದರೆ ಬಂಕಿನ ನುಣುಪು ಕಾಂಕ್ರೀಟ್ ನೆಲದ ಮೇಲೆ ವಯಸ್ಸಾದವರೊಬ್ಬರು ಕಾರನ್ನು ತಿರುಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನಡೆಯುವವರೂ ಅದನ್ನು ದಾಟಿ ಹೋಗಬಹುದಿತ್ತು, ಅಷ್ಟು ನಿಧಾನ. ಆದರೂ ಟೈರು ಕಿರುಚುತ್ತಿತ್ತು. ಡಾಂಬರಿಗೆ ಬಂದ ಕೂಡಲೇ ನಿಂತಿತು.

ಬಂಕಿನ ಕೆಲಸದವನು ನನ್ನ ಚೀಲ ಎತ್ತಿಕೊಟ್ಟು, "ಯಾಕ್ರಿ ಮೇಡಮ್, ಅಜ್ಜಾರು ನಿಮ್ ಮ್ಯಾಲೆ ರೇಸ್ ಬಿಟ್ಟಂಗೆ ಹೆದರಿದ್ರಲ್ಲ," ಅಂದ.

ಅಲ್ಲೇ ನಿಂತು ಇನ್ನೂ ಕೆಲವು ವಾಹನಗಳು ತಿರುಗುವುದನ್ನು ನೋಡಿದೆ. ಇದನ್ನು ನಾನು ಮೊದಲೇ ಯೋಚಿಸಬಹುದಿತ್ತು. ಘರ್ಷಣೆಯ ಪಾಠವನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ತೊಳೆದ ಸ್ಟೀಲ್ ತಟ್ಟೆಯ ಮೇಲೆ ಒದ್ದೆ ಬೆರಳು ಒತ್ತಿ ಎಳೆದರೆ ಕೀಚಲು ಸದ್ದು ಬರುತ್ತದಲ್ಲ, ಅದೇ ಇದು. ಬೆರಳು ಒಂದು ಕ್ಷಣ ಅಂಟುತ್ತದೆ, ಎಳೆತ ಹೆಚ್ಚಾದರೆ ಜಾರುತ್ತದೆ, ಮತ್ತೆ ಅಂಟುತ್ತದೆ. ಈ ಹಿಡಿಯುವುದು, ಬಿಡುವುದು ನಮ್ಮ ಕಣ್ಣಿಗೆ ಕಾಣದಷ್ಟು ಬೇಗ ಬೇಗ ನಡೆದಾಗ ನಡುಕ ಸದ್ದಾಗುತ್ತದೆ. ನೆಟ್ಟಗೆ ಉರುಳುವ ಚಕ್ರಕ್ಕೆ ಆ ಕಷ್ಟವಿಲ್ಲ. ತಿರುವಿನಲ್ಲಿ ಚಕ್ರ ಒಂದು ಕಡೆ ಮುಖ ಮಾಡಿರುತ್ತದೆ, ಕಾರಿನ ಭಾರ ಇನ್ನೊಂದು ಕಡೆ ಎಳೆಯುತ್ತಿರುತ್ತದೆ. ಹಾಗಾಗಿ ರಬ್ಬರು ಉರುಳುತ್ತಲೇ ಪಕ್ಕಕ್ಕೂ ಉಜ್ಜಿಸಿಕೊಳ್ಳುತ್ತದೆ. ನೆಲ ನುಣುಪಾಗಿದ್ದರೆ ನಿಧಾನಕ್ಕೆ ಹೋದರೂ ಕೂಗುತ್ತದೆ. ಗಾಳಿ ಕಡಿಮೆ ಇದ್ದರಂತೂ ಟೈರು ಬಾಗಿ, ನಡುಭಾಗ ಕುಗ್ಗಿ, ಅಂಚುಗಳೇ ನೆಲಕ್ಕೆ ಒತ್ತಿಕೊಳ್ಳುತ್ತವೆ. ಸಾಧಾರಣ ವೇಗಕ್ಕೇ ಕಿರುಚಿ, ಹಿಡಿತ ಬಿಟ್ಟುಬಿಡಬಹುದು.

ಅಂದರೆ ಆ ಶಬ್ದ ವೇಗಕ್ಕೆ ಸಾಕ್ಷಿಯಾಗಿರಲಿಲ್ಲ. ಅದು ಗಾಳಿಗೆ ಸಾಕ್ಷಿಯಾಗಿತ್ತು. ನನ್ನ ಸಂಶಯ ಇದರಿಂದ ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ನಾಲ್ಕೂ ಟೈರು ತಾವಾಗಿಯೇ ಒಂದೇ ಸಮ ಇಳಿಯುವುದಿಲ್ಲ. ಬೆಳಿಗ್ಗೆ ಹೋಗುವಾಗ ಕಾರು ಹಗುರಾಗಿ ಓಡಿತ್ತು. ಯಾರೋ ಇಳಿಸಿದ್ದಾರೆ. ಈ ಮದುವೆ ಬೇಡದವರು ಯಾರು? ಕೆರೆಬಿಳಚಿಯ ಅತ್ತೆ ತನ್ನ ಮಗನಿಗೆ ತಂಗಿಯನ್ನು ಕೇಳಿದ್ದಳು, ನಾವು ಕೊಟ್ಟಿರಲಿಲ್ಲ. ಅವಳ ಮನೆ ಮುಂದೆಯೂ ಕಾರು ನಿಂತಿತ್ತು. ಆ ಅತ್ತೆ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವಳ ಮೇಲೂ ನನ್ನ ಕಣ್ಣು ಬಿತ್ತು. ಹುಡುಗನಿಗೆ ಅದು ಯಾರೆಂದು ಗೊತ್ತು, ಆದರೂ ಮುಚ್ಚಿಡುತ್ತಿದ್ದಾನೆ ಎನ್ನುವುದಂತೂ ನನಗೆ ಖಾತ್ರಿಯಾಗಿತ್ತು.

ಪತ್ರಿಕೆ ಹಂಚುವುದು ನಿಂತಿದೆ ಎನ್ನುವ ಸುದ್ದಿ ಜಗಳೂರಿಗೂ ಹೋಯಿತು. ಮಾವ ಬಸ್ಸು ಹಿಡಿದು ಬಂದ. ಹೆಗಲ ಮೇಲಿಂದ ಒಂದು ಸಣ್ಣ ಚೀಲ ಇಳಿಸಿ, ಜಗಲಿಯ ಮೇಲೆ ಕೂತು, ಚಹಾ ಬರುವ ಮೊದಲೇ ಶುರು ಮಾಡಿದ.

"ಏನವ್ವ, ಪತ್ರಿಕೆಗೆ ಬೀಗ ಜಡಿದೀಯಂತೆ? ಸರ್ಕಾರದ ಖಜಾನೆ ಮಾಡ್ಕೊಂಡಿಯೇನು?"

"ಮಾವ, ಆ ಟೈರಿನ ಶಬ್ದ ಇನ್ನೂ ನನ್ನ ಕಿವ್ಯಾಗೈತೆ. ನಾಲ್ಕೂ ಚಕ್ರದ ಗಾಳಿ ಯಾರೋ ಇಳಿಸಿದ್ರು. ಯಾರು ಅಂತ ಗೊತ್ತಾಗಾವರೆಗೂ..."

"ನಾನೇ ಇಳ್ಸಿದ್ದು," ಅಂದ ಮಾವ.

ಚಹಾ ತಂದ ತಂಗಿ ಬಾಗಿಲಲ್ಲೇ ನಿಂತಳು.

"ಹಂಗ್ಯಾಕೆ ನೋಡ್ತೀರಿ? ಕಣದಾಗೆ ಹುರುಳಿ ಹರಡಿದ್ದೆ. ತುಳಿಸಾಕೆ ಬರ್ತೀನಿ ಅಂದಿದ್ದ ಟ್ರ್ಯಾಕ್ಟರ್‌ನೋನು ಕೈ ಕೊಟ್ಟ. ನೀವು ಉಣ್ಣಾಕೆ ಕೂತ್ರಿ. ಕಾರು ಸುಮ್ಮನೆ ನಿಂತಿತ್ತು, ಬೀಗದಕೈ ಗೂಡಿನಾಗಿತ್ತು. ನನ್ ಮಗ ಹತ್ತಿಪ್ಪತ್ತು ಸುತ್ತು ಹೊಡೆದ. ಹುರುಳಿ ಚಂದ ಬಿಡ್ತು ನೋಡವ್ವ."

"ಗಾಳಿ ಯಾಕೆ ಇಳಿಸಿದ್ರಿ?"

"ಏನೇ ಓದಿದ್ದೀ ನೀನು! ಗಾಳಿ ಬಿಗಿ ಇದ್ರೆ ಕಾಳು ಒಡೆದು ಬ್ಯಾಳೆ ಆಗ್ತಾವೆ. ಒಂಚೂರು ಇಳಿಸಿದ್ರೆ ಟೈರು ಮೆತ್ತಗಾಗ್ತೈತೆ, ಸಿಪ್ಪೆ ಒಡೀತೈತೆ, ಕಾಳು ಉಳೀತೈತೆ. ಕಾರು ತುಳಿಸೋರೆಲ್ಲಾ ಹಂಗೇ ಮಾಡಾದು."

"ಆಮೇಲೆ ತುಂಬಬೇಕಿತ್ತಲ್ಲ ಮಾವ!"

"ಪಂಪು ಪಕ್ಕದ ಮನೆಯೋನು ಒಯ್ದಿದ್ದ. ದಾರ್ಯಾಗೆ ಬಂಕು ಐತಲ್ಲ, ಹಾಕಿಸ್ಕೊಂತಾರೆ ಅಂತ ಬಿಟ್ಟೆ. ಅದನ್ನೂ ಹೇಳೇ ಕಳಿಸೀನಿ. ಕೇಳು ನಿಮ್ಮವ್ವನ್ನ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಗಾಳಿ ನೋಡಿಸ್ಕೊಂಡು ಹೋಗ್ರಿ ಅಂದಿ. ನಿಧಾನ ಹೋಗ್ರಿ, ಮುಟ್ಟಿದ ಮ್ಯಾಲೆ ಫೋನ್ ಮಾಡ್ರಿ ಅಂತಾರಲ್ಲ, ಹಂಗೆ ಅಂದಿ ಅನ್ಕೊಂಡೆ ನಾನು."

ಮಾವನಿಗೆ ಆಗಷ್ಟೇ ವಿಷಯದ ಭಾರ ತಿಳಿಯಿತು ಅನ್ನಿಸುತ್ತದೆ. ಚಹಾ ಲೋಟವನ್ನು ಕೆಳಗಿಟ್ಟ. ಕೆರೆ ಎಷ್ಟು ಹತ್ತಿರವಿತ್ತು ಎಂದು ಕೇಳಿದ. ತಂಗಿ ಕೈಯಲ್ಲಿ ತೋರಿಸಿದಳು, ಬಾಗಿಲಿಂದ ಜಗಲಿಯ ತುದಿಯವರೆಗೆ. ಮಾವ ಎದ್ದು ನಿಂತ. "ಹುರುಳಿ ತಂದಿದ್ದೆ," ಅಂತ ಚೀಲವನ್ನು ಅವ್ವನ ಕಡೆ ತಳ್ಳಿ, ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೊರಟುಬಿಟ್ಟ.

ಬೇರೆಯವರಾದರೆ ಅಲ್ಲಿಗೆ ನೆಮ್ಮದಿಯಾಗಿ ಮಲಗುತ್ತಿದ್ದರೋ ಏನೋ. ನನಗೆ ಹಾಗಾಗಲಿಲ್ಲ. ಅವನು ಕಿತ್ತೆಸೆದದ್ದು ಹುರುಳಿ ಹೊಟ್ಟು. ಅಂದರೆ ಅವತ್ತೇ, ಅಲ್ಲೇ ಅವನಿಗೆ ಕಾರಣ ಗೊತ್ತಾಗಿದೆ. ಗೊತ್ತಿದ್ದೂ ತಪ್ಪನ್ನು ರಸ್ತೆಯ ಮೇಲೆ ಹಾಕಿದ.

ತಂಗಿ ಫೋನ್ ಮಾಡಿ ಕರೆಸಿದಳು. ಅವನು ಮರುದಿನ ಮಧ್ಯಾಹ್ನ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಜಗಳೂರಿಂದ ಹೊರಟಾಗ್ಲೇ ಸ್ಟೇರಿಂಗ್ ಭಾರ ಅನ್ನಿಸ್ತು ಅಕ್ಕಾರೆ," ಅಂದ. "ಊಟ ಆದ ಮ್ಯಾಲೆ ಹಿತ್ತಲಾಗೆ ನಾನೂ ಮಾವಾರೂ ಮೆಕ್ಕೆಜೋಳದ ಚೀಲ ತುಂಬಿ ಡಿಕ್ಕಿಯಾಗೆ ಇಟ್ಟಿದ್ವಲ್ಲ, ಅದರ ಭಾರ ಅನ್ಕೊಂಡೆ. ಕೆರೆ ಹತ್ರ ಹೊಟ್ಟು ನೋಡಿದ ಮ್ಯಾಲೆ ಗೊತ್ತಾತು."

"ಯಾಕೆ ಹೇಳ್ಲಿಲ್ಲ?"

"ಮೊದಲ ಪತ್ರಿಕೆ ಕೊಟ್ಟು ಬಂದ ಮನೆ. ನಾನು ಹೊಸಬ. ನಿಮ್ಮ ಮಾವಾರಿಂದ ಹಿಂಗಾತು ಅಂತ ನಿಮ್ಮವ್ವಾರ ಮುಂದೆ ಹೆಂಗ್ ಹೇಳ್ಲಿ? ಗಾಳಿ ತುಂಬಿಸಿದ್ರೆ ಮುಗೀತು ಅನ್ಕೊಂಡೆ."

ನಾನು ಬಾಯಿ ತೆರೆಯುವ ಮೊದಲೇ ತಂಗಿ ಮಾತಾಡಿದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಮ್ಮವ್ವನ ಮೈಮ್ಯಾಲೆ ಕೆಂಪು ನೋಡಿದ್ರಲ್ಲ, ಅದು ಕುಂಕುಮ ಆಗದೇ ಇದ್ರೆ? ಮಾವನ ಮರ್ಯಾದೆ ಉಳಿಸಾಕೆ ಹೋಗಿ ನೀವು ಕುಡುಕ ಅನ್ನಿಸ್ಕೊಂಡ್ರಿ. ನಮ್ಮಕ್ಕ ಹೊಟ್ಟೆಕಿಚ್ಚಿನೋಳು ಅನ್ನಿಸ್ಕೊಂಡ್ಳು. ಮರ್ಯಾದೆ ಯಾರದು ಉಳೀತು ಹೇಳ್ರಿ."

ತಂಗಿ ಅವನ ಎದುರಿಗೇ ಬಂದು ನಿಂತಳು.

"ನಾಳೆ ಏನಾದ್ರೂ ಕೆಟ್ಟಿದ್ರೆ ಕೆಟ್ಟೈತೆ ಅಂತ ನಮಗೆ ಹೇಳಬೇಕು. ಯಾರಿಗೆ ಬೇಜಾರಾದ್ರೂ ಸರಿ. ಅಷ್ಟು ಆಗಲ್ಲ ಅಂದ್ರೆ ಇವತ್ತೇ ಹೇಳಿಬಿಡ್ರಿ, ಪತ್ರಿಕೆ ಹೆಂಗೂ ಕಪಾಟಿನಾಗೇ ಐತೆ."

"ಹೇಳ್ತೀನಿ," ಅಂದ.

ತಂಗಿಗೆ ಅದು ಸಾಕಾಯಿತು. ನನಗೆ ಸಾಲಲಿಲ್ಲ. ಹೇಳುತ್ತೇನೆ ಎಂದು ಹೇಳುವುದು ಸುಲಭ. ಅವನು ಹೋದ ಮೇಲೆ ಕಪಾಟಿನ ಬೀಗದಕೈ ಕೊಡೆಂದು ತಂಗಿ ಕೈಚಾಚಿದಳು. ಮದುವೆಯ ಬಟ್ಟೆ ತೆಗೆಯುವ ದಿನ ಕಳೆಯಲಿ ಅಂದೆ. ಅವಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಬಟ್ಟೆ ತೆಗೆಯಲು ಅವನ ಕಡೆಯವರು ಹೊನ್ನಾಳಿಗೆ ಬಂದು, ನಮ್ಮನ್ನು ಕರೆದುಕೊಂಡು ದಾವಣಗೆರೆಗೆ ಹೋಗುವುದೆಂದು ಮಾತಾಗಿತ್ತು. ಆ ದಿನ ನಾನು ಸೀರೆ ಉಟ್ಟು ನಿಂತಿದ್ದೆ, ಆದರೆ ಆ ಕಾರಿಗೆ ಹತ್ತುವ ಧೈರ್ಯ ಬರುತ್ತಿರಲಿಲ್ಲ. ಬೆಳಿಗ್ಗೆ ಫೋನ್ ಬಂತು. ತಂಗಿಗಲ್ಲ, ನನಗೆ.

"ಅಕ್ಕಾರೆ, ಕಾರು ತರ್ತಿಲ್ಲ. ಸ್ಟೇರಿಂಗ್ ಎಡಕ್ಕೆ ಎಳೀತೈತೆ. ಅವತ್ತು ಕಲ್ಲಿಗೆ ತಾಗಿತ್ತಲ್ಲ, ಅದಕ್ಕೇ ಇರಬೇಕು. ನಿನ್ನೆ ಸಂಜೆ ಗೊತ್ತಾತು. ಬೀಗರ ಮುಂದೆ ಬಸ್ಸಿಗೆ ಹೋದ್ರೆ ಏನಂತಾರೆ, ನಿಧಾನ ಓಡಿಸು, ಯಾರಿಗೂ ಹೇಳಬ್ಯಾಡ ಅಂತ ನಮ್ಮಪ್ಪ ಅಂದ್ರು. ನಾನು ಗ್ಯಾರೇಜಿಗೆ ಬಿಟ್ಟು ಬಂದೀನಿ."

"ನಿಮ್ಮಪ್ಪಗೆ ಬೇಜಾರಾಗಲಿಲ್ವಾ?"

"ಆಗೈತೆ. ಪಕ್ಕದಾಗೇ ನಿಂತಾರೆ, ಮಾತಾಡ್ತಿಲ್ಲ."

ಬಸ್‌ಸ್ಟ್ಯಾಂಡಿಗೆ ನಾವೇ ಹೋದೆವು. ಅವನ ದೊಡ್ಡಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಬಸ್ಸಿನಿಂದ ಇಳಿಯುತ್ತಲೇ, "ಕಾರ್ ಇರೋ ಮದುಮಗ ಅಂತ ಊರಿಗೆಲ್ಲಾ ಹೇಳಿದ್ದೆ ಕಣವ್ವ, ನಿಂತ್ಕೊಂಡು ಬರಂಗಾತು," ಅಂತ ನನ್ನ ಮೇಲೇ ರೇಗಿದರು. ಅವನ ಅಪ್ಪ ಮುಖ ಗಂಟು ಹಾಕಿಕೊಂಡು ಅವ್ವನಿಗೆ ನಮಸ್ಕಾರ ಹೇಳಿದರು. ಹುಡುಗ ಎಲ್ಲರಿಗಿಂತ ಹಿಂದೆ ನಿಂತಿದ್ದ, ಕಿವಿ ಕೆಂಪಾಗಿತ್ತು. ದಾವಣಗೆರೆ ಬಸ್ಸಿನಲ್ಲಿ ಸೀಟಿಗಾಗಿ ದೊಡ್ಡಮ್ಮನೂ ನಮ್ಮವ್ವನೂ ಸೇರಿ ಕಂಡಕ್ಟರ್ ಜೊತೆ ಜಗಳ ತೆಗೆದರು. ಇಳಿಯುವ ಹೊತ್ತಿಗೆ ಇಬ್ಬರೂ ಒಂದೇ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು.

ಸಂಜೆ ಮನೆಗೆ ಬಂದು, ಯಾರೂ ಕೇಳದಿದ್ದರೂ ಕಪಾಟಿನ ಬೀಗ ತೆಗೆದೆ. ತಂಗಿ ಬಟ್ಟಲಲ್ಲಿ ಅರಿಶಿನ ಕಲಸಿಕೊಟ್ಟಳು. ಪತ್ರಿಕೆಗಳ ಮೂಲೆಗೆ ಹಚ್ಚುತ್ತಾ ಕೂತವಳು, ಎಷ್ಟಕ್ಕೆ ಹಚ್ಚಿದೆನೋ, ಚಾಪೆಯ ಮೇಲೇ ಒರಗಿದೆ. ಕಣ್ಣು ಬಿಟ್ಟಾಗ ಮೈಮೇಲೆ ಹೊದಿಕೆ ಇತ್ತು, ಬಿಸಿಲು ನಡುಮನೆಯವರೆಗೆ ಬಂದಿತ್ತು, ಬಾಗಿಲಲ್ಲಿ ಪಾಠಕ್ಕೆ ಬಂದ ಮಕ್ಕಳ ಚಪ್ಪಲಿಗಳು ಬಿದ್ದಿದ್ದವು.

"ಏಳೇ ತಾಯಿ," ಅಂದಳು ಅವ್ವ. "ಮೈ ಹುಷಾರಿಲ್ಲೇನೋ ಅಂತ ಎರಡು ಸಲ ಮುಟ್ಟಿ ನೋಡಿದೆ. ಕೆನ್ನೆಗೆಲ್ಲಾ ಅರಿಶಿನ ಆಗೈತೆ, ತೊಳ್ಕೋ ಹೋಗು."